ಸ್ಮೋಕಿ ಬೆಟ್ಟಗಳ ಕಾಲುದಾರಿಗಳು: ಗೇಟು ಇಲ್ಲದ ಕಾಡಿಗೂ ಚೀಟಿ ಬೇಕು

ಅಮೆರಿಕದ ಅಟ್ಲಾಂಟಾ, ಶಾರ್ಲೆಟ್, ನ್ಯಾಶ್‌ವಿಲ್ ಊರುಗಳಲ್ಲಿ ನೆಲೆಸಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕುಟುಂಬಗಳು ಮೂರು ದಿನ ರಜೆ ಸಿಕ್ಕರೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಹಾದಿ ಹಿಡಿಯುತ್ತವೆ. ಬೇಸಿಗೆಯಲ್ಲಿ ಊರಿನಿಂದ ಬಂದ ತಂದೆ ತಾಯಿಯರೂ ಜೊತೆಗಿರುತ್ತಾರೆ. ಆ ಬೆಟ್ಟಗಳ ಟೆನ್ನೆಸ್ಸೀ ಬದಿಯಲ್ಲಿ ಹಲವು ವರ್ಷ ಇದ್ದು ಈಗ ಬೆಳಗಾವಿಗೆ ಮರಳಿರುವ ನನ್ನ ಬಳಿ, ಹೊರಡುವವರು ವಿಚಾರಿಸಿಕೊಳ್ಳಲು ಬರುತ್ತಾರೆ, ಹೋಗಿ ಬಂದವರು ಅಲ್ಲಿ ಆದದ್ದನ್ನು ಹೇಳಲು ಬರುತ್ತಾರೆ. ಹೋಗಿ ಬಂದವರು ಹೇಳುವುದು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ. ಒಳ್ಳೆಯ ಬೂಟು ಹಾಕಿಕೊಳ್ಳಿ, ನೀರು ಒಯ್ಯಿರಿ ಎಂಬ ಮಾತುಗಳನ್ನು ಖಾನಾಪುರದ ಕಾಡು ಸುತ್ತಿದವರಿಗೆ ನಾನು ಹೇಳಬೇಕಾಗಿಲ್ಲ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಈ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಅಮೆರಿಕದ ಬೇರೆ ದೊಡ್ಡ ಉದ್ಯಾನಗಳಲ್ಲಿ ಕಾಣುವ ಹಣ ಕಟ್ಟುವ ಕಟ್ಟೆಯಾಗಲಿ, ತಡೆಗೋಲಾಗಲಿ ಇಲ್ಲಿ ಎಲ್ಲಿಯೂ ಇಲ್ಲ. ಇದಕ್ಕೆ ಇತಿಹಾಸದಲ್ಲಿ ಕಾರಣವಿದೆ. ಉದ್ಯಾನ 1934ರಲ್ಲಿ ಸ್ಥಾಪನೆಯಾಯಿತು. ಬೆಟ್ಟಸಾಲನ್ನು ದಾಟಿ ಟೆನ್ನೆಸ್ಸೀ ಮತ್ತು ನಾರ್ತ್ ಕೆರೊಲೈನಾಗಳನ್ನು ಜೋಡಿಸುವ ನ್ಯೂಫೌಂಡ್ ಗ್ಯಾಪ್ ರಸ್ತೆಯನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸುವಾಗ, ಈ ರಸ್ತೆಯಲ್ಲಿ ಎಂದಿಗೂ ಸುಂಕ ವಿಧಿಸಕೂಡದು ಎಂಬ ಷರತ್ತನ್ನು ಟೆನ್ನೆಸ್ಸೀ ರಾಜ್ಯ ಹಾಕಿತು. ಆ ಷರತ್ತಿನ ನೆರಳಿನಲ್ಲಿ ಇಂದಿಗೂ ಪ್ರವೇಶ ಉಚಿತವಾಗಿದೆ. ಆದರೆ ಪ್ರವೇಶ ಉಚಿತವೆಂದರೆ ವಾಹನ ನಿಲುಗಡೆಯೂ ಉಚಿತವೆಂದು ತಿಳಿದುಕೊಂಡವರು ದಂಡ ತೆತ್ತು ಬರುತ್ತಾರೆ.

2023ರ ಮಾರ್ಚ್ 1ರಿಂದ ಉದ್ಯಾನದ ಗಡಿಯೊಳಗೆ ಎಲ್ಲಿಯೇ ಆಗಲಿ, 15 ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ಪ್ರತಿಯೊಂದು ವಾಹನಕ್ಕೂ ಪಾರ್ಕಿಂಗ್ ಟ್ಯಾಗ್ ಕಡ್ಡಾಯವಾಗಿದೆ. ದಿನಕ್ಕಾದರೆ 5 ಡಾಲರ್, ವಾರಕ್ಕೆ 15 ಡಾಲರ್, ವರ್ಷಕ್ಕೆ 40 ಡಾಲರ್. ಸುಮ್ಮನೆ ಕಾರಿನಲ್ಲಿ ಹಾದು ಹೋಗುವವರಿಗೂ, ನೋಟ ಕಾಣುವ ತಿರುವಿನಲ್ಲಿ ಇಳಿದು ಒಂದೆರಡು ಫೋಟೊ ತೆಗೆದು ಹೊರಡುವವರಿಗೂ ಇದು ಬೇಕಿಲ್ಲ. ಆದರೆ ಅದೇ ತಿರುವಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಂದು ನಾಲ್ಕು ಜನ ಕುಳಿತು ಉಂಡರೆ 15 ನಿಮಿಷ ಯಾವಾಗ ಕಳೆಯಿತೆಂದು ತಿಳಿಯುವುದಿಲ್ಲ. ಕಾಲುದಾರಿಯಲ್ಲಿ ನಡೆಯಲು ಹೋಗುವವರಿಗಂತೂ ಟ್ಯಾಗ್ ಇಲ್ಲದೆ ಗತ್ಯಂತರವಿಲ್ಲ.

ಈ ಟ್ಯಾಗ್ ಜನರಿಗಲ್ಲ, ವಾಹನಕ್ಕೆ ಸೇರಿದ್ದು ಎಂಬುದನ್ನು ನಮ್ಮವರು ಸುಲಭವಾಗಿ ಒಪ್ಪುವುದಿಲ್ಲ. ಜಮಖಂಡಿಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಮಗ ಸೊಸೆಯ ಜೊತೆ ಹೋದಾಗ, ಮುಧೋಳದ ಇನ್ನೊಂದು ಕುಟುಂಬವೂ ಬಾಡಿಗೆ ಕಾರಿನಲ್ಲಿ ಅವರನ್ನು ಕೂಡಿಕೊಂಡಿತ್ತು. ಒಂದೇ ಗುಂಪು, ಒಂದೇ ಊಟ, ಒಂದೇ ಹೋಟೆಲು ಎಂದು ಮಗ ವಾರದ ಒಂದೇ ಟ್ಯಾಗನ್ನು ಆನ್‌ಲೈನ್‌ನಲ್ಲಿ ಕೊಂಡು, ಅದರ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರು. ರೇನ್‌ಬೋ ಜಲಪಾತ ನೋಡಿಕೊಂಡು ಸಂಜೆ ಮರಳಿದಾಗ ಎರಡೂ ಕಾರುಗಳ ವೈಪರಿನ ಕೆಳಗೆ ದಂಡದ ಚೀಟಿಗಳಿದ್ದವು. “ರೊಕ್ಕ ಕಟ್ಟೀವಿ, ರಸೀದಿ ಐತಿ, ಮತ್ತ ದಂಡ ಯಾಕ್ರೀ?” ಎಂದು ಆ ಹಿರಿಯರು ನನ್ನನ್ನು ನೊಂದುಕೊಂಡೇ ಕೇಳಿದರು. ಅವರ ನೋವು ನ್ಯಾಯವಾದದ್ದೇ, ಏಕೆಂದರೆ ಮೋಸ ಮಾಡುವ ಉದ್ದೇಶ ಅವರಲ್ಲಿ ಯಾರಿಗೂ ಇರಲಿಲ್ಲ. ಆದರೆ ನಿಯಮ ನೋಡುವುದು ಗಾಜಿನ ಮೇಲಿನ ಕಾಗದವನ್ನು. ಕಾಗದದ ಟ್ಯಾಗು ಮುಂದಿನ ಗಾಜಿನ ಒಳಬದಿಯಲ್ಲಿ, ಚಾಲಕನ ಪಕ್ಕದ ಸೀಟಿನ ಕಡೆ, ಕೆಳಮೂಲೆಯಲ್ಲಿ ಹೊರಗಿನಿಂದ ಓದಲು ಬರುವಂತೆ ಇರಬೇಕು. ಅಲ್ಲಿ ಚಾಲಕ ಎಡಗಡೆ ಕೂರುವುದರಿಂದ ಅದು ಕಾರಿನ ಬಲಗಡೆಯ ಮೂಲೆ. ಟ್ಯಾಗಿನ ಮೇಲೆ ಆ ವಾಹನದ ನಂಬರ್ ಪ್ಲೇಟಿನ ಸಂಖ್ಯೆ ಇರುತ್ತದೆ. ರೇಂಜರ್ ಕಾರುಗಳ ಸಾಲಿನ ಮುಂದೆ ನಡೆಯುತ್ತ ಆ ಸಂಖ್ಯೆಯನ್ನೂ ದಿನಾಂಕವನ್ನೂ ಓದಿ ಮುಂದೆ ಹೋಗುತ್ತಾರೆ. ಬೆಟ್ಟದ ಮೇಲೆ ನಡೆಯುತ್ತಿರುವ ನಿಮ್ಮ ಜೇಬಿನೊಳಗಿನ ಮೊಬೈಲು ಅವರಿಗೆ ಕಾಣುವುದಿಲ್ಲ.

ಬಾಡಿಗೆ ಕಾರು ತೆಗೆದುಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಕಾರು ಕೈಗೆ ಬರುವ ತನಕ ಅದರ ಸಂಖ್ಯೆ ತಿಳಿಯುವುದಿಲ್ಲವಾದ್ದರಿಂದ, ತಿಂಗಳ ಮೊದಲೇ ಮನೆಯಲ್ಲಿ ಕುಳಿತು ಸ್ವಂತ ಕಾರಿನ ಸಂಖ್ಯೆ ಹಾಕಿ ಟ್ಯಾಗ್ ಕೊಂಡು, ಕೊನೆಯ ಗಳಿಗೆಯಲ್ಲಿ ಏಳು ಜನರಿಗಾಗಿ ದೊಡ್ಡ ಬಾಡಿಗೆ ಕಾರು ತಂದವರ ಹಣ ವ್ಯರ್ಥವಾಗುತ್ತದೆ. ಒಂದು ಕಾರಿನ ಟ್ಯಾಗು ಇನ್ನೊಂದಕ್ಕೆ ಸಲ್ಲುವುದಿಲ್ಲ. ದಂಡದ ಮೊತ್ತದ ಮೇಲೆ ಬಾಡಿಗೆ ಕಂಪನಿಯೂ ತನ್ನ ನಿರ್ವಹಣಾ ಶುಲ್ಕವನ್ನು ಸೇರಿಸಿ ನಿಮ್ಮ ಕಾರ್ಡಿನಿಂದ ಕಳೆಯಬಹುದು, ಅದು ತಿಳಿಯುವುದು ನೀವು ಮನೆಗೆ ಮರಳಿದ ಮೇಲೆ. ಆದ್ದರಿಂದ ಬಾಡಿಗೆ ಕಾರಿನವರು ಕಾರು ಪಡೆದ ನಂತರ, ಉದ್ಯಾನದೊಳಗಿನ ಶುಗರ್‌ಲ್ಯಾಂಡ್ಸ್, ಒಕೊನಲಫ್ಟಿ ಅಥವಾ ಕೇಡ್ಸ್ ಕೋವ್ ಸಂದರ್ಶಕರ ಕೇಂದ್ರದಲ್ಲಿ ನಿಂತು ಟ್ಯಾಗ್ ಕೊಳ್ಳುವುದೇ ಸರಿ. ದಿನದ ಅಥವಾ ವಾರದ ಟ್ಯಾಗನ್ನು ಆನ್‌ಲೈನ್‌ನಲ್ಲಿ ಕೊಂಡರೆ ಬೆಟ್ಟಕ್ಕೆ ಹೊರಡುವ ಮುನ್ನವೇ ಮುದ್ರಿಸಿಕೊಳ್ಳಿ. ಹೋಟೆಲಿನ ರಿಸೆಪ್ಷನ್‌ನಲ್ಲಿ ಕೇಳಿದರೆ ಸಾಮಾನ್ಯವಾಗಿ ಮುದ್ರಿಸಿ ಕೊಡುತ್ತಾರೆ.

ಹಲವರ ಬಳಿ ಅಮೆರಿಕದ ಎಲ್ಲ ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ನಡೆಯುವ ವಾರ್ಷಿಕ ಪಾಸ್ ಇರುತ್ತದೆ. ಅದನ್ನು ಗಾಜಿಗೆ ತೂಗುಹಾಕಿ ನಿಶ್ಚಿಂತೆಯಿಂದ ಹೊರಡುತ್ತಾರೆ. ಆ ಪಾಸ್ ಪ್ರವೇಶ ಶುಲ್ಕಕ್ಕೆ ಸಲ್ಲುತ್ತದೆ, ಇಲ್ಲಿ ಪ್ರವೇಶ ಶುಲ್ಕವೇ ಇಲ್ಲ, ಇರುವುದು ನಿಲುಗಡೆಯ ಶುಲ್ಕ. ಹಾಗಾಗಿ ಆ ಪಾಸ್ ಇದ್ದರೂ ಟ್ಯಾಗ್ ಬೇರೆಯಾಗಿ ಬೇಕು. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಅಲ್ಲಿಯದೋ ನಮ್ಮದೋ, ಯಾವ ವ್ಯವಸ್ಥೆ ಮೇಲು ಎಂದು ನನ್ನನ್ನು ಕೇಳುವವರಿದ್ದಾರೆ. ಟ್ಯಾಗಿನಿಂದ ಬಂದ ಹಣವೆಲ್ಲ ಆ ಉದ್ಯಾನದಲ್ಲಿಯೇ ಉಳಿದು, ಅಲ್ಲಿಯ ದಾರಿಗಳ ದುರಸ್ತಿಗೂ ಶೌಚಾಲಯಗಳಿಗೂ ಸಿಬ್ಬಂದಿಗೂ ಖರ್ಚಾಗುತ್ತದೆ. ಇದು ನನಗೆ ಬಹಳ ಮೆಚ್ಚಿಗೆಯಾದ ಏರ್ಪಾಡು. ನಮ್ಮ ಕಡೆ ಒಂದು ಜಲಪಾತದ ಬಳಿ ವಸೂಲಾದ ಹಣದಲ್ಲಿ ಆ ಜಲಪಾತಕ್ಕೆ ಎಷ್ಟು ಮರಳಿತೆಂದು ಸಾಮಾನ್ಯ ಪ್ರವಾಸಿಗೆ ತಿಳಿಯುವ ಸುಲಭ ದಾರಿಯಿಲ್ಲ. ಆದರೆ ಜನದಟ್ಟಣೆಯ ವಿಷಯದಲ್ಲಿ ನಮ್ಮ ಅರಣ್ಯ ಇಲಾಖೆಯ ಹೊಸ ಕ್ರಮವೇ ಉತ್ತಮವೆಂದು ನನ್ನ ಅಭಿಪ್ರಾಯ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ, ಚಾರಣಕ್ಕೆ ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿ ಆನ್‌ಲೈನ್ ಕಾಯ್ದಿರಿಸುವಿಕೆ ತಂದರು. ಸ್ಮೋಕಿಯಲ್ಲಿ ಅಂಥ ಮಿತಿಯಿಲ್ಲ. ಅಮೆರಿಕದಲ್ಲಿ ಅತಿ ಹೆಚ್ಚು ಜನ ಭೇಟಿ ಕೊಡುವ ರಾಷ್ಟ್ರೀಯ ಉದ್ಯಾನ ಇದು, 2024ರಲ್ಲಿ 1.2 ಕೋಟಿಗೂ ಮೀರಿದ ಭೇಟಿಗಳು ದಾಖಲಾದವು. ಟ್ಯಾಗ್ ಇದ್ದ ಮಾತ್ರಕ್ಕೆ ಜಾಗ ಸಿಗುವ ಭರವಸೆಯೂ ಇಲ್ಲ. ಆಲಮ್ ಕೇವ್, ರೇನ್‌ಬೋ ದಾರಿಗಳ ನಿಲುಗಡೆ ಜಾಗಗಳು ಅಕ್ಟೋಬರಿನ ಎಲೆಬಣ್ಣದ ದಿನಗಳಲ್ಲಿ ಬೆಳಿಗ್ಗೆ ಬೇಗನೆ ತುಂಬಿಬಿಡುತ್ತವೆ. ಉದ್ಯಾನದ ಅಂಚಿನ ಗ್ಯಾಟ್ಲಿನ್‌ಬರ್ಗ್ ಊರಿನಿಂದ ಖಾಸಗಿ ಷಟಲ್ ವಾಹನಗಳು ಕಾಲುದಾರಿಗಳ ಬಾಯಿಗೆ ಬಿಟ್ಟು ಬರುತ್ತವೆ, ಅವುಗಳಲ್ಲಿ ಹೋಗುವವರಿಗೆ ಟ್ಯಾಗಿನ ಚಿಂತೆಯೂ ಇಲ್ಲ, ಜಾಗದ ಚಿಂತೆಯೂ ಇಲ್ಲ.

ಇನ್ನು ದಾರಿಗಳ ವಿಷಯ. ಉದ್ಯಾನದಲ್ಲಿ 800 ಮೈಲಿಗೂ ಹೆಚ್ಚು ಕಾಲುದಾರಿಗಳಿವೆ. ಕೂಡುದಾರಿಗಳಲ್ಲಿ ನೆಟ್ಟ ಮರದ ಫಲಕಗಳು ಹೇಳುವ ದೂರ ಮೈಲಿಗಳಲ್ಲಿ ಇರುತ್ತದೆ, ಅದೂ ಒಂದು ಬದಿಯ ದೂರ ಮಾತ್ರ. ರೇನ್‌ಬೋ ಜಲಪಾತಕ್ಕೆ 2.7 ಮೈಲಿ ಎಂದರೆ ಹೋಗಿ ಬರಲು 5.4 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 8.7 ಕಿಲೋಮೀಟರ್, ಅದರಲ್ಲಿ 1,500 ಅಡಿಯಷ್ಟು ಏರು. ಬಯಲಿನ ನಡಿಗೆಯ ಲೆಕ್ಕ ಹಿಡಿದು ಎರಡು ತಾಸಿನಲ್ಲಿ ಮುಗಿಸುತ್ತೇವೆಂದು ಹೊರಟವರಿಗೆ ನಾಲ್ಕು ತಾಸು ಹಿಡಿದರೂ ಆಶ್ಚರ್ಯವಿಲ್ಲ. ನ್ಯಾಶ್‌ವಿಲ್‌ನವರು ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಅವರ ಊರಿನ ಗಡಿಯಾರ ಉದ್ಯಾನದ ಗಡಿಯಾರಕ್ಕಿಂತ ಒಂದು ತಾಸು ಹಿಂದಿದೆ, ಬೆಳಿಗ್ಗೆ ಹೊರಟು ತಲುಪುವ ಹೊತ್ತಿಗೆ ಆ ತಾಸು ಕೈಬಿಟ್ಟಿರುತ್ತದೆ. ನವೆಂಬರಿನ ಮೊದಲ ಭಾನುವಾರ ಇಡೀ ದೇಶದ ಬಹುಭಾಗದಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಹಿಂದಿನ ವಾರ ಹೋದವರು ಸಂಜೆ ಆರೂವರೆಯವರೆಗೂ ಬೆಳಕಿತ್ತೆಂದು ಹೇಳಿದ್ದನ್ನು ನಂಬಿ ಹೊರಟರೆ, ಐದೂವರೆಗೇ ಕತ್ತಲೆಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಮೊಬೈಲ್ ಸಿಗ್ನಲ್ ಬಹುತೇಕ ಕಡೆ ಇಲ್ಲದಿರುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಯಾವ ದಾರಿಗೆ ಹೋಗುತ್ತಿದ್ದೀರಿ ಎಂಬುದನ್ನು ಬಾರದೆ ಉಳಿದ ಒಬ್ಬರಿಗೆ ಹೇಳಿ ಹೋಗಿ.

ಗೋಕಾಕಿನ 170 ಅಡಿಯ ಧುಮ್ಮಿಕ್ಕುವಿಕೆಯನ್ನು ಕಂಡ ಕಣ್ಣಿಗೆ ಇಲ್ಲಿಯ ಜಲಪಾತಗಳು ಮೊದಲ ನೋಟಕ್ಕೆ ಸಣ್ಣವಾಗಿ ಕಾಣುತ್ತವೆ. ರೇನ್‌ಬೋ ಸುಮಾರು 80 ಅಡಿ, ಗ್ರಾಟೊ 25 ಅಡಿ, ಏಬ್ರಮ್ಸ್ 20 ಅಡಿ. ಎತ್ತರವನ್ನು ಹುಡುಕಿಕೊಂಡು ಹೋಗುವವರು ನಿರಾಶರಾಗುತ್ತಾರೆ. ಗ್ರಾಟೊ ಜಲಪಾತಕ್ಕೆ ಹೋಗುವ ಟ್ರಿಲಿಯಮ್ ಗ್ಯಾಪ್ ದಾರಿಯನ್ನು ನಾನು ಎಲ್ಲರಿಗೂ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ದಾರಿಯೇ ನೀರಿನ ಪರದೆಯ ಹಿಂದಿನಿಂದ ಹಾದು ಹೋಗುತ್ತದೆ. ಬಂಡೆಯ ಚಾಚಿನ ಕೆಳಗೆ ನಿಂತರೆ ಮುಂದೆ ನೀರು, ಅದರಾಚೆ ಹಸಿರು, ತಲೆಯ ಮೇಲೆ ಪಾಚಿಯಿಂದ ತೊಟ್ಟಿಕ್ಕುವ ಹನಿ. ಇದೇ ದಾರಿಯಲ್ಲಿ ಬೆಟ್ಟದ ನೆತ್ತಿಯ ಲೆಕಾಂಟ್ ಲಾಡ್ಜಿಗೆ ಸಾಮಾನು ಹೊತ್ತ ಲಾಮಾಗಳ (ಒಂಟೆಯ ಕುಲದ ಪ್ರಾಣಿಗಳು) ಸಾಲು ಹತ್ತುವುದುಂಟು. ಎದುರಾದರೆ ದಾರಿ ಬಿಟ್ಟು ಸುಮ್ಮನೆ ನಿಲ್ಲಬೇಕು. ಆದರೆ ಅಲ್ಲಿಗೆ ಕರೆದೊಯ್ಯುವ ರೋರಿಂಗ್ ಫೋರ್ಕ್ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಎಲ್ಲರೂ ಹೆಸರು ಹೇಳುವ ಲಾರೆಲ್ ಜಲಪಾತದ ದಾರಿಯನ್ನು 2025ರ ಜನವರಿಯಲ್ಲಿ ದೀರ್ಘ ದುರಸ್ತಿಗಾಗಿ ಮುಚ್ಚಿದ್ದರು, ಆದ್ದರಿಂದ ಹೊರಡುವ ಮುನ್ನ ಉದ್ಯಾನದ ಅಧಿಕೃತ ತಾಣದಲ್ಲಿ ಅದರ ಸ್ಥಿತಿಯನ್ನು ನೋಡಿಕೊಳ್ಳಿ.

ಏಬ್ರಮ್ಸ್ 20 ಅಡಿಯೇ ಆದರೂ ನೀರಿನ ರಭಸ ಬಹಳ. ಅದರ ಕೆಳಗಿನ ವಿಶಾಲ ಮಡು ಶಾಂತವಾಗಿ ಕಂಡರೂ ಒಳಸೆಳೆತವಿದೆ, ಈಜಲು ಇಳಿದು ಜೀವ ಕಳೆದುಕೊಂಡವರಿದ್ದಾರೆ. ಬೇಸಿಗೆಯಲ್ಲಿ ಗೋಕಾಕ್ ಜಲಪಾತದ ನೆತ್ತಿಯ ಬಂಡೆಗಳ ಮೇಲೆ ಅಂಚಿನವರೆಗೂ ನಡೆದು ಫೋಟೊ ತೆಗೆಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಆ ಧೈರ್ಯವನ್ನು ದಯವಿಟ್ಟು ಸ್ಮೋಕಿಗೆ ಒಯ್ಯಬೇಡಿ. ಅಲ್ಲಿಯ ಬಂಡೆಗಳಿಗೆ ವರ್ಷವಿಡೀ ಪಾಚಿಯ ತೆಳು ಪದರವಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ತಿಳಿಯುವುದು. ತಗ್ಗಿನಲ್ಲಿ ವರ್ಷಕ್ಕೆ ಸುಮಾರು 55 ಇಂಚು ಮಳೆಯಾದರೆ ಶಿಖರಗಳಲ್ಲಿ 85 ಇಂಚು ಬೀಳುತ್ತದೆ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಮಳೆಗೆ ಹಳ್ಳ ಏರಬಹುದು. ಹಳ್ಳದ ಮೇಲೆ ಒಂದೇ ಮರದ ದಿಮ್ಮಿಯನ್ನು ಅಡ್ಡ ಹಾಕಿ ಒಂದು ಬದಿಗೆ ಕೈಹಿಡಿ ಕೂಡಿಸಿದ ಸೇತುವೆಗಳಿರುತ್ತವೆ. ಅವುಗಳ ಮೇಲೆ ಒಬ್ಬೊಬ್ಬರಾಗಿ ದಾಟಿ, ನೀರು ದಿಮ್ಮಿಯ ಮೇಲೆ ಹರಿಯುತ್ತಿದ್ದರೆ ಮರಳಿ ಬನ್ನಿ.

ಹಳ್ಳದ ಕಲ್ಲುಗಳನ್ನು ಮುಟ್ಟದಿರುವುದು ನಮ್ಮವರಿಗೆ ಹೊಸದು. ಬೆಟ್ಟದ ಗುಡಿಗಳ ದಾರಿಯಲ್ಲಿ ಮನೆ ಕಟ್ಟುವ ಹರಕೆಗೆ ಕಲ್ಲಿನ ಮೇಲೆ ಕಲ್ಲು ಜೋಡಿಸಿಟ್ಟು ಬರುವ ಹಿರಿಯರು ಅಲ್ಲಿಯೂ ಭಕ್ತಿಯಿಂದ ಅದನ್ನೇ ಮಾಡಿದ್ದನ್ನು ಕಂಡಿದ್ದೇನೆ. ಆ ಕಲ್ಲುಗಳ ಅಡಿಯಲ್ಲಿ ಹಲ್ಲಿಯಂತೆ ಕಾಣುವ ಉಭಯಚರಗಳಾದ ಸಾಲಮ್ಯಾಂಡರ್‌ಗಳು ಮೊಟ್ಟೆಯಿಡುತ್ತವೆ. ಈ ಉದ್ಯಾನದಲ್ಲಿ ಅವುಗಳ 30ಕ್ಕೂ ಹೆಚ್ಚು ಜಾತಿಗಳಿದ್ದು, ಎರಡು ಅಡಿಯವರೆಗೂ ಬೆಳೆಯುವ ಹೆಲ್‌ಬೆಂಡರ್ ಕೂಡ ಅಂಥ ಕಲ್ಲಿನಡಿಯಲ್ಲೇ ಬಾಳುತ್ತದೆ. ಕಲ್ಲು ಸರಿಸುವುದು ಕಾನೂನಿಗೆ ವಿರುದ್ಧ. ಹೂವು ಕೀಳುವುದೂ ಹಾಗೆಯೇ, ಒಂದೇ ಎಸಳಾದರೂ ಬೇಡ ಎಂದು ಅಜ್ಜಿಯಂದಿರಿಗೆ ಮೊದಲೇ ತಿಳಿಸಿ.

ಕರಡಿಗಳಿಂದ ಮತ್ತು ಎಲ್ಕ್ ಎಂಬ ದೊಡ್ಡ ಜಿಂಕೆಗಳಿಂದ 150 ಅಡಿ ದೂರವಿರಬೇಕೆಂಬುದು ಸಲಹೆಯಲ್ಲ, ಕಾನೂನು. ಬುತ್ತಿಯನ್ನು ಕಾರಿನೊಳಗೆ ಮುಚ್ಚಿಟ್ಟು ಬಾಗಿಲು ಭದ್ರಪಡಿಸಿ, ಉಂಡ ಮೇಲೆ ಒಂದು ಅಗುಳನ್ನೂ ಬಿಡದೆ ಕಟ್ಟಿಕೊಂಡು ಬನ್ನಿ. ಕರದಂಟು ದಾರಿಯಲ್ಲಿ ತಿನ್ನಲು ಅತ್ಯುತ್ತಮ, ಆದರೆ ಬೆಲ್ಲ ತುಪ್ಪದ ಪರಿಮಳ ಕರಡಿಗೂ ಪ್ರಿಯ. ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿ ಜನರ ಬಳಿ ಬರಲು ಕಲಿಯುತ್ತದೆ, ಹಾಗೆ ಕಲಿತ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ಕಾಡಿನೊಳಗೆ ರಾತ್ರಿ ತಂಗುವವರಿಗೆ ಬೇರೆ ಪರವಾನಗಿ ಬೇಕು, ತಲೆಗೆ ಒಂದು ರಾತ್ರಿಗೆ 8 ಡಾಲರ್, ಮುಂಗಡವಾಗಿ ಕಾಯ್ದಿರಿಸಬೇಕು.

ಉದ್ಯಾನದ ಅತಿ ಎತ್ತರದ ಶಿಖರ 6,643 ಅಡಿಯ ಕುವೋಹಿ. ಹಳೆಯ ನಕ್ಷೆಗಳಲ್ಲಿ ಅದು ಕ್ಲಿಂಗ್‌ಮನ್ಸ್ ಡೋಮ್. ಅಲ್ಲಿಯ ಮೂಲನಿವಾಸಿಗಳಾದ ಚೆರೋಕಿ ಜನರ ಮೂಲ ಹೆಸರನ್ನು 2024ರ ಸೆಪ್ಟೆಂಬರಿನಲ್ಲಿ ಮರಳಿ ಕೊಟ್ಟರು. ನೆತ್ತಿಯ ವೀಕ್ಷಣಾ ಗೋಪುರಕ್ಕೆ ಅರ್ಧ ಮೈಲಿಯ ಡಾಂಬರು ದಾರಿಯಿದೆ, ಆದರೆ ಏರು ಕಡಿದಾದದ್ದು. ಮಂಡಿನೋವಿನ ಹಿರಿಯರಿಗೆ ಅದಕ್ಕಿಂತ ಒಕೊನಲಫ್ಟಿ ನದಿಯ ದಾರಿಯೇ ಹಿತ. ಒಂದು ಬದಿಗೆ ಒಂದೂವರೆ ಮೈಲಿ, ಹೆಚ್ಚುಕಡಿಮೆ ಸಮತಟ್ಟು, ಪಕ್ಕದಲ್ಲೇ ನದಿ, ಸಂಜೆ ಹತ್ತಿರದ ಹುಲ್ಲುಗಾವಲಿಗೆ ಎಲ್ಕ್ ಹಿಂಡು ಬರುತ್ತದೆ. ಕೇಡ್ಸ್ ಕೋವ್ ಕಣಿವೆಗೆ ಹೋಗುವುದಾದರೆ 11 ಮೈಲಿಯ ಏಕಮುಖ ರಸ್ತೆಗೆ ಕಾರಿನಲ್ಲೇ ಎರಡರಿಂದ ನಾಲ್ಕು ತಾಸು ಬೇಕಾಗುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬುಧವಾರಗಳಂದು ಆ ರಸ್ತೆಗೆ ವಾಹನಗಳನ್ನು ಬಿಡುವುದಿಲ್ಲ. ನಡೆಯಬಲ್ಲವರೂ ಸೈಕಲ್ ತುಳಿಯಬಲ್ಲವರೂ ಆ ದಿನವನ್ನೇ ಆರಿಸಿಕೊಳ್ಳಲಿ, ಕಾರಿನಲ್ಲಿ ಕುಳಿತೇ ನೋಡಬೇಕಾದ ಹಿರಿಯರಿದ್ದರೆ ಬುಧವಾರ ಬಿಟ್ಟು ಬೇರೆ ದಿನ ಹೋಗಿ.