ಬೆಳಿಗ್ಗೆ ಆರಕ್ಕೆ ಮಾತ್ರ ಹಟ ಮಾಡುವ ಪದ್ಮಿನಿ

ನಮ್ಮನೆಯ ಹಳೇ ಕಾರು ಪ್ರೀಮಿಯರ್ ಪದ್ಮಿನಿ ಮಧ್ಯಾಹ್ನ ಯಾವತ್ತೂ ಕೈಕೊಟ್ಟಿದ್ದಿಲ್ಲ. ಅದರ ಹಟವೆಲ್ಲ ಬೆಳಿಗ್ಗೆ ಆರಕ್ಕೆ, ಅದೂ ಡಿಸೆಂಬರಿನಲ್ಲಿ, ಶಿರಸಿ ಸುತ್ತ ಇಬ್ಬನಿ ಕವಿದು ಅಡಿಕೆ ಮರಗಳು ತೊಟ್ಟಿಕ್ಕುವ ಹೊತ್ತಿಗೆ. ಸೆಲ್ಫ್ (ಇಂಜಿನ್ ಚಾಲೂ ಮಾಡುವ ಮೋಟಾರು) ತಿರುಗುತ್ತದೆ, ಕುಂಯ್ ಕುಂಯ್ ಎನ್ನುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಅಂಗಳದಿಂದ ಅಮ್ಮನ ತೀರ್ಪು: 'ಬಸ್ಸಿಗೆ ಹೋಪದೇ ಚೊಲೊ.'

ಗ್ಯಾರೇಜಿಗೆ ಒಯ್ಯೋಣವೆಂದರೆ ಮೊದಲು ಅದು ಚಾಲೂ ಆಗಬೇಕಲ್ಲ! ಬಿಸಿಲೇರಿದ ಮೇಲೆ ಚಾಲೂ ಆಗಿ, ಹನ್ನೊಂದಕ್ಕೆ ಅಲ್ಲಿ ಮುಟ್ಟುವಷ್ಟರಲ್ಲಿ ರೋಗವೇ ಮಾಯ. ಪ್ಲಗ್ ಬದಲಾಯಿತು, ಬ್ಯಾಟರಿ ಬದಲಾಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ತೊಳೆದಾಯಿತು. ಮರುದಿನ ಮತ್ತೆ ಕುಂಯ್ ಕುಂಯ್. ಕೆಡುವ ಹೊತ್ತಿನಲ್ಲೇ ಹಿಡಿಯಬೇಕು, ಅದನ್ನು ನಾನೇ ಮಾಡಬೇಕು ಎಂದು ಅವತ್ತು ಹೊಳೆಯಿತು.

ಐದೂವರೆಗೆ ಎದ್ದು ಮೊದಲು ಮೀಟರ್ ಇಟ್ಟೆ. ಬ್ಯಾಟರಿ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಹೊಸದು, ಇಳಿಯಬಾರದು ಕೂಡ. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಪಾಯಿಂಟಿನ ಅಂತರ, ಸಂದು ಅಳೆಯುವ ಫೀಲರ್ ಗೇಜಿನಲ್ಲಿ 0.45 ಮಿ.ಮೀ., ಅಲ್ಲೂ ತಕರಾರಿಲ್ಲ.

ಟಾರ್ಚ್ ಆರಿಸಿ, ಬಾನೆಟ್ ಎತ್ತಿ, ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಕತ್ತಲಲ್ಲಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪಿನ ಮೇಲೆ ಕೂದಲೆಳೆಯಂಥ ನೀಲಿ ಮಿಂಚು ಚಿಟಚಿಟ ಎಂದು ಹರಿದಾಡಿತು! ಪ್ಲಗ್ಗಿಗೆ ಹೋಗಬೇಕಾದ ಕಿಡಿ ಕ್ಯಾಪಿನ ಮೈಮೇಲೇ ಇಳಿದು ಅರ್ಥ್ ಆಗುತ್ತಿತ್ತು. ಬಿಚ್ಚಿ ನೋಡಿದೆ. ಒಳಗೆಲ್ಲ ಬೆವರಿದಂತೆ ತೇವ, ಎರಡು ತುದಿಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ. ಸಣ್ಣ ಬಿರುಕಿನಲ್ಲಿ ಕಾರ್ಬನ್ ಕೂತಿತ್ತು. ತಣ್ಣನೆಯ ಇಂಜಿನ್ನಿನಲ್ಲಿ ಆಯಿಲ್ ಗಟ್ಟಿ, ಸೆಲ್ಫ್ ಹೆಚ್ಚು ಕರೆಂಟ್ ಎಳೆಯುತ್ತದೆ, ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಕಾಯಿಲಿಗೆ ಸಿಗುವ ವೋಲ್ಟೇಜ್ ಕಮ್ಮಿ. ಅಂಥ ಬಡಕಲು ಕಿಡಿಗೆ ತೇವದ ದಾರಿಯೇ ಸಲೀಸು. ಬಿಸಿಲಿಗೆ ತೇವ ಆರಿದರೆ ಆ ದಾರಿಯೂ ಬಂದ್.

ಅಡಿಕೆ ಬೇಯಿಸುವ ಒಲೆ ಉರಿಯುತ್ತಿತ್ತು. ಕ್ಯಾಪನ್ನು ಒಣಬಟ್ಟೆಯಲ್ಲಿ ಒರೆಸಿ, ಒಲೆಯಿಂದ ಮಾರು ದೂರದಲ್ಲಿ ಹತ್ತು ನಿಮಿಷ ಕಾಯಿಸಿದೆ. ತೊಯ್ದ ಪ್ಲಗ್ಗುಗಳನ್ನೂ ಒರೆಸಿ ಹಾಕಿದೆ. ಎರಡನೇ ಸುತ್ತಿಗೇ ಇಂಜಿನ್ ಹಿಡಿಯಿತು. ಗೆರೆಯನ್ನು ಬ್ಲೇಡಿನಲ್ಲಿ ಕೆರೆದದ್ದು ನಾಲ್ಕು ದಿನ ಬಾಳಿತು, ಅಷ್ಟೇ. ಕೊನೆಗೆ ಹುಬ್ಬಳ್ಳಿಯಿಂದ ಹೊಸ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ತರಿಸಿದೆ. ಹೊಸ ಬ್ಯಾಟರಿಯ ದುಡ್ಡಿನ ಮುಂದೆ ಅದು ಏನೂ ಅಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ತಪ್ಪು ನನ್ನದೂ ಇತ್ತು. ಹಿಡಿಯದಿದ್ದಾಗೆಲ್ಲ ಆಕ್ಸಿಲರೇಟರ್ ತುಳಿತುಳಿದು ಪ್ಲಗ್ ತೋಯಿಸುತ್ತಿದ್ದವನು ನಾನೇ. ಈಗ ತಣ್ಣನೆಯ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚಿಸುವ ಚೋಕ್ ಪೂರ್ತಿ ಎಳೆಯುತ್ತೇನೆ, ಕಾಲು ಹಚ್ಚುವುದಿಲ್ಲ. ಹಿಡಿದ ಮೇಲೆ ಚೋಕನ್ನು ನಿಧಾನ ಒಳಗೆ ತಳ್ಳುತ್ತೇನೆ. ನಾಲ್ಕು ದಿನ ನಿಲ್ಲಿಸಿಟ್ಟರೆ ಮಾತ್ರ ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು (ಬೌಲ್) ಒಣಗಿರುತ್ತದೆ. ಆಗ ಇಂಜಿನ್ನಿನಲ್ಲಿರುವ ಪೆಟ್ರೋಲ್ ಪಂಪಿನ ಪಕ್ಕದ ಪುಟ್ಟ ಲಿವರನ್ನು ಕೈಯಲ್ಲಿ ಹತ್ತಿಪ್ಪತ್ತು ಸಲ ಆಡಿಸಿ, ಆಮೇಲೆ ಕೀಲಿ ತಿರುಗಿಸುತ್ತೇನೆ. ಅಮ್ಮ ಈಗಲೂ ಬಸ್ಸಿನ ಹೊತ್ತು ನೋಡಿಯೇ ಹೊರಡುತ್ತಾಳೆ.