ಕ್ಲೈನ್‌ಫೆಲ್ಟರ್ ಇದ್ದವರಿಗೆ ನಾನು ಅಂದಾಜು ಹೇಳುವ ಬಗೆ

ಗಂಡಸಿಗೆ ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಾಗಿರುವುದೇ ಕ್ಲೈನ್‌ಫೆಲ್ಟರ್. 47,ಎಕ್ಸ್‌ಎಕ್ಸ್‌ವೈ ಎಂಬ ರಿಪೋರ್ಟ್ ಹಿಡಿದು ಬರುವ ಗಂಡಸರಲ್ಲಿ ಹೆಚ್ಚಿನವರು 'ನಿಮಗೆ ಮಕ್ಕಳಾಗುವುದಿಲ್ಲ' ಎಂಬ ಮಾತನ್ನು ಆಗಲೇ ಕೇಳಿರುತ್ತಾರೆ. ವೃಷಣ ಚಿಕ್ಕದು, ವೀರ್ಯಾಣು ತಯಾರಿಸುವಂತೆ ವೃಷಣಕ್ಕೆ ಹೇಳುವ ಹಾರ್ಮೋನು ಎಫ್‌ಎಸ್‌ಎಚ್ ಏರಿದೆ, ವೀರ್ಯದಲ್ಲಿ ವೀರ್ಯಾಣುವೇ ಇಲ್ಲ. ಹೇಳಿದವರಿಗೆ ಅಷ್ಟೇ ಸಾಕಾಗಿರುತ್ತದೆ. ನನಗೆ ಸಾಲದು. ಎಫ್‌ಎಸ್‌ಎಚ್ ಇಡೀ ವೃಷಣದ ಸ್ಥಿತಿಯನ್ನು ಹೇಳುತ್ತದೆ. ನಮಗೆ ಬೇಕಿರುವುದು ಎಲ್ಲೋ ಒಂದು ಮೂಲೆಯಲ್ಲಿ ಇನ್ನೂ ವೀರ್ಯಾಣು ತಯಾರಿಸುತ್ತಿರುವ ಒಂದೆರಡು ನಾಳ. ವೃಷಣವನ್ನು ತೆರೆದು ವೀರ್ಯಾಣು ತೆಗೆಯುವ ಮೈಕ್ರೋ ಟೆಸೆ ಶಸ್ತ್ರಚಿಕಿತ್ಸೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಹುಡುಕುವುದು ಅದನ್ನೇ: ಸುತ್ತಲಿನವಕ್ಕಿಂತ ದಪ್ಪಗೆ, ಬೆಳ್ಳಗೆ ಕಾಣುವ ನಾಳ. ಪ್ರಕಟವಾದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ನೂರರಲ್ಲಿ ಸುಮಾರು 40ರಿಂದ 50 ಜನರಲ್ಲಿ ವೀರ್ಯಾಣು ಸಿಕ್ಕಿದೆ.

ನನ್ನ ಮೊದಲ ಪ್ರಶ್ನೆ, ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಅಥವಾ ಜೆಲ್ ತೆಗೆದುಕೊಳ್ಳುತ್ತಿದ್ದೀರಾ? ಹೊರಗಿನಿಂದ ಬಂದ ಹಾರ್ಮೋನು ಮೆದುಳಿನ ಸಂಕೇತವನ್ನು ತಗ್ಗಿಸಿ, ಉಳಿದಿರುವ ಅಷ್ಟಿಷ್ಟು ಉತ್ಪತ್ತಿಯನ್ನೂ ಅಡಗಿಸುತ್ತದೆ. ಅದನ್ನು ನಿಲ್ಲಿಸಿ ಕೆಲವು ತಿಂಗಳು ಕಾಯುತ್ತೇನೆ. ಎರಡನೆಯದು ಕ್ರೋಮೋಸೋಮ್ ಪರೀಕ್ಷೆ, ಕ್ಯಾರಿಯೋಟೈಪ್. ಕೆಲವು ಜೀವಕೋಶಗಳಲ್ಲಿ ಮಾತ್ರ ಹೆಚ್ಚುವರಿ ಎಕ್ಸ್ ಇದ್ದರೆ, ಅಂದರೆ ಮೊಸಾಯಿಕ್ ಆಗಿದ್ದರೆ, ಭರವಸೆ ಹೆಚ್ಚು. ಯಾರೇ ಆಗಲಿ, ಕತ್ತರಿ ಹಿಡಿಯುವ ಮೊದಲು ವೀರ್ಯವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ತಳಕ್ಕೆ ಇಳಿದದ್ದನ್ನು ಮತ್ತೆ ನೋಡಿಸುತ್ತೇನೆ. ನಾಲ್ಕೇ ವೀರ್ಯಾಣು ಕಂಡರೂ ಫ್ರೀಜ್ ಮಾಡಿಡಬಹುದು.

ಟೆಸ್ಟೋಸ್ಟಿರಾನ್ ಕಡಿಮೆ ಇದ್ದವರಿಗೆ ದೇಹದ ಟೆಸ್ಟೋಸ್ಟಿರಾನ್ ಈಸ್ಟ್ರೋಜನ್ ಆಗಿ ಬದಲಾಗುವುದನ್ನು ತಡೆಯುವ ಅನಾಸ್ಟ್ರೋಜೋಲ್‌ನಂಥ ಮಾತ್ರೆ ಕೊಟ್ಟು ನೋಡುವುದುಂಟು. ಮಟ್ಟ ಪ್ರತಿ ಡೆಸಿಲೀಟರ್ ರಕ್ತಕ್ಕೆ 250 ನ್ಯಾನೋಗ್ರಾಂ ದಾಟಿದವರಲ್ಲಿ ವೀರ್ಯಾಣು ಹೆಚ್ಚಾಗಿ ಸಿಕ್ಕಿದ ವರದಿ ಇದೆ. ನಾನು ಅದನ್ನು ಒಳ್ಳೆಯ ಸೂಚನೆ ಎಂದುಕೊಳ್ಳುತ್ತೇನೆ, ತೀರ್ಪು ಎಂದಲ್ಲ. ವಯಸ್ಸಿನ ವಿಷಯದಲ್ಲಿ ಅಧ್ಯಯನಗಳೇ ಒಮ್ಮತಕ್ಕೆ ಬಂದಿಲ್ಲ. ಹಾಗಾಗಿ ನಲವತ್ತಾಯಿತು ಎಂಬ ಒಂದೇ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಹೆಂಡತಿಯ ವಯಸ್ಸನ್ನು ಮಾತ್ರ ಕೇಳಿಯೇ ಕೇಳುತ್ತೇನೆ. ಮುಂದಿನ ಹಂತ ನಿಂತಿರುವುದು ಅದರ ಮೇಲೆ.

ವೀರ್ಯಾಣು ಸಿಕ್ಕಿತು ಎಂದರೆ ಮಗು ಆಯಿತು ಎಂದಲ್ಲ. ಒಂದು ವೀರ್ಯಾಣುವನ್ನು ನೇರವಾಗಿ ಅಂಡದೊಳಗೆ ಚುಚ್ಚಿ ಸೇರಿಸುವ ಇಕ್ಸಿ ಮಾಡಬೇಕು, ಭ್ರೂಣ ಬೆಳೆಯಬೇಕು, ಗರ್ಭ ನಿಲ್ಲಬೇಕು. ಅರ್ಧದಷ್ಟು ಜನರಿಗೆ ವೀರ್ಯಾಣು ಸಿಕ್ಕಿ, ಅವರಲ್ಲೂ ಅರ್ಧದಷ್ಟು ಜನರಿಗೆ ಮಾತ್ರ ಮಗುವಾದರೆ ಉಳಿಯುವುದು ಕಾಲು ಭಾಗ. ಈ ಲೆಕ್ಕವನ್ನು ದಂಪತಿಯ ಎದುರೇ ಕಾಗದದ ಮೇಲೆ ಬರೆಯುತ್ತೇನೆ. ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಕ್ರೋಮೋಸೋಮ್ ಸರಿಯಾಗಿಯೇ ಇರುತ್ತದೆ ಎಂಬುದನ್ನೂ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯ ಬಳಿಕ ಟೆಸ್ಟೋಸ್ಟಿರಾನ್ ಇನ್ನಷ್ಟು ಇಳಿಯಬಹುದು, ಅದರ ನಿಗಾ ತಪ್ಪಬಾರದು. ಏನೂ ಸಿಗದಿದ್ದರೆ ದಾನಿಯ ವೀರ್ಯವೋ, ದತ್ತುವೋ ಎಂಬ ಮಾತನ್ನು ಆಪರೇಷನ್ನಿಗೆ ಮೊದಲೇ, ಇಬ್ಬರನ್ನೂ ಕೂರಿಸಿಕೊಂಡು ಆಡಿ ಮುಗಿಸುತ್ತೇನೆ.