ಬೆಳಗ್ಗೆ ನಡುಗುವ ಡೀಸೆಲ್ ಗಾಡಿ: ನನ್ನ ಅನುಭವ

ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬದಲಿಸದೆ ಗತಿಯಿಲ್ಲ ಎಂದು ಎರಡು ಮೂರು ಕಡೆ ಹೇಳಿಸಿಕೊಂಡ ಮೇಲೆ ಆ ಪಿಕಪ್ ನನ್ನ ಶೆಡ್ಡಿಗೆ ಬಂತು. ಅವರು ಕೊಟ್ಟ ಅಂದಾಜು 60 ಸಾವಿರದ ಆಸುಪಾಸು. ಮೂಡಿಗೆರೆ ಕಡೆಯ ಕಾಫಿ ತೋಟದ ಗಾಡಿ, 2 ಲಕ್ಷ ಕಿಲೋಮೀಟರ್ ದಾಟಿತ್ತು. ಡಿಸೆಂಬರ್ ಬಂತೆಂದರೆ ಬೆಳಗ್ಗೆ ಮೊದಲು ಸರಪಳಿ ಎಳೆದಂಥ ಸದ್ದು, ಬಳಿಕ ಕಟಕಟ ಬಡಿತ, ನಡುಕ, ಕಣ್ಣು ಉರಿಸುವ ಬಿಳಿ ಹೊಗೆ. ಎರಡು ನಿಮಿಷ ಕಳೆದರೆ ಎಲ್ಲವೂ ಮಾಯ.

ಗ್ಯಾರೇಜಿಗೆ ಓಡಿಸಿಕೊಂಡು ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ. ಇನ್ನು ರೋಗ ಸಿಗುವುದು ಹೇಗೆ? ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ದೋಷ ತೋರಿಸುವ ಒಂದು ಕೋಡೂ ಇರಲಿಲ್ಲ. ಹೊಸ ಬ್ಯಾಟರಿ, ಡೀಸೆಲ್ ಫಿಲ್ಟರ್, ಟ್ಯಾಂಕಿಗೆ ಸುರಿಯುವ ಔಷಧ ಎಂದು ಮಾಲೀಕರು ಆಗಲೇ ಹತ್ತು ಸಾವಿರ ಕಳೆದಿದ್ದರು. ಸವೆದ ಇಂಜೆಕ್ಟರಿನಿಂದ ಹೆಚ್ಚು ಡೀಸೆಲ್ ವಾಪಸ್ ಬರುತ್ತದೆ; ಅದಕ್ಕೆ ನಾನೂ ಇಂಜೆಕ್ಟರ್ ರಿಟರ್ನ್ ಪೈಪಿಗೆ ಬಾಟಲಿ ಕಟ್ಟಿ ನೋಡಿದೆ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಅರ್ಧ ದಿನದ ಕೂಲಿ ದಂಡ.

"ರಾತ್ರಿ ಗಾಡಿ ಇಲ್ಲೇ ಇರಲಿ, ನಾನು ಬರುವವರೆಗೆ ಕೀ ಯಾರೂ ಮುಟ್ಟಬೇಡಿ" ಎಂದೆ. ಪಕ್ಕದ ಶೆಡ್ಡಿನವರು ನಕ್ಕರು. ಬೆಳಗ್ಗೆ ಆರಕ್ಕೆ ಗಡಿಯಾರ ಹಿಡಿದು ಸ್ಟಾರ್ಟ್ ಮಾಡಿಸಿದಾಗ ಸದ್ದುಗಳು ಬೇರೆ ಬೇರೆಯಾದವು. ಸರಪಳಿ ಸದ್ದು ನಾಲ್ಕೈದು ಸೆಕೆಂಡ್ ಮಾತ್ರ; ಆಯಿಲ್ ದೀಪ ಆರಿದೊಡನೆ ಅದೂ ನಿಂತಿತು. ಬಡಿತ, ನಡುಕ, ಹೊಗೆ ಮೂರೂ ಮುಂದುವರಿದವು. ಅಲ್ಲಿಗೆ ರೋಗ ಎರಡು ಎಂದಾಯಿತು.

ಮೊದಲನೆಯದಕ್ಕೆ ಕಾರಣ ಅಗ್ಗದ ಆಯಿಲ್ ಫಿಲ್ಟರ್. ಒಳಗಿನ ರಬ್ಬರ್ ವಾಲ್ವ್ ಗಡಸಾಗಿ, ರಾತ್ರಿಯಿಡೀ ಆಯಿಲ್ ಕೆಳಗಿಳಿದು, ಎಂಜಿನ್ ಒಳಗಿನ ಸರಪಳಿಯನ್ನು ಬಿಗಿ ಹಿಡಿಯುವ ಚೈನ್ ಟೆನ್ಶನರ್‌ಗೆ ಆಯಿಲ್ ಒತ್ತಡ ತಡವಾಗಿ ಸಿಗುತ್ತಿತ್ತು.

ಎರಡನೆಯದಕ್ಕೆ ಒಂದು ಪ್ರಯೋಗ ಮಾಡಿದೆ. ಮರುದಿನ ಮನೆಯ ಹೇರ್ ಡ್ರೈಯರ್ ತಂದು ಏರ್ ಫಿಲ್ಟರ್ ಬಾಯಿಗೆ ಬಿಸಿ ಗಾಳಿ ಊದುತ್ತಾ ಸ್ಟಾರ್ಟ್ ಮಾಡಿಸಿದೆ. "ಏನಯ್ಯಾ, ಗಾಡಿಗೆ ತಲೆ ಬಾಚುತ್ತೀಯಾ?" ಎಂದರು ಮಾಲೀಕರು. ನಡುಕ ಅರ್ಧಕ್ಕರ್ಧ ಇಳಿದಿತ್ತು. ಬಿಸಿ ಗಾಳಿಗೆ ಇಂಜೆಕ್ಟರ್ ವಾಸಿಯಾಗುವುದಿಲ್ಲ. ಸಿಲಿಂಡರಿನಲ್ಲಿ ಕಾವು ಸಾಲದು ಎಂದೇ ಅರ್ಥ. ಎಂಜಿನ್ ಎಷ್ಟು ಬಿಸಿ ಎಂದು ಅಳೆಯುವ ಕೂಲೆಂಟ್ ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದೂ ನೋಡಿದೆ. ತಣ್ಣಗಿನ ಎಂಜಿನ್‌ನಲ್ಲಿ ಕೂಲೆಂಟ್, ಗಾಳಿ ಎರಡೂ 13 ಡಿಗ್ರಿಯ ಹತ್ತಿರವೇ ತೋರಿಸಿದವು.

ಉಳಿದದ್ದು ಹೀಟರ್ ಪ್ಲಗ್, ಅಂದರೆ ತಣ್ಣಗಿನ ಸಿಲಿಂಡರಿಗೆ ಕಾವು ಕೊಡುವ ಪ್ಲಗ್. ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಬಂದು ಆರುತ್ತಿತ್ತಾದ್ದರಿಂದ ಅದರ ಮೇಲೆ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಪ್ಲಗ್‌ಗಳಿಗೆ ಹೋಗುವ ದಪ್ಪ ತಂತಿಗೆ, ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ಕೀ ತಿರುಗಿಸಿದೆ. ಇಂಥ ಎಂಜಿನ್‌ನಲ್ಲಿ 40 ಆಂಪಿಯರ್ ಮೇಲಿರಬೇಕಾದದ್ದು 20ರ ಸುತ್ತ ನಿಂತಿತು. ಎರಡು ಸತ್ತಿವೆ ಎಂದೆ. ಬಿಚ್ಚಿ ಓಮ್ ನೋಡಿದರೆ ಲೆಕ್ಕ ಸರಿಯಾಗಿತ್ತು: ಎರಡು ಪ್ಲಗ್‌ಗಳಲ್ಲಿ ತಡೆ ಒಂದು ಓಮ್‌ಗಿಂತ ಕಡಿಮೆ, ಅಂದರೆ ಸರಿ ಇವೆ; ಉಳಿದೆರಡು ಪೂರ್ತಿ ಕಟ್. ಅಂದಹಾಗೆ, ಮೀಟರ್ ಡಿಸಿ, ಅಂದರೆ ಬ್ಯಾಟರಿ ಕರೆಂಟ್, ಅಳೆಯುವಂಥದ್ದೇ ಬೇಕು. ಎಸಿ ಮಾತ್ರ ಅಳೆಯುವುದನ್ನು ಹಾಕಿಕೊಂಡು ನನ್ನನ್ನು ಬೈಯಬೇಡಿ.

ಕಾರ್ಬನ್ ಹಿಡಿದ ಪ್ಲಗ್ ಹೆಡ್ಡಿನೊಳಗೆ ಮುರಿದರೆ ಲೇತಿನವರಿಗೇ ಆರೇಳು ಸಾವಿರ ಎಣಿಸಬೇಕು. ಮುರಿಯದೆ ತೆಗೆಯಲು ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾಲ್ಕು ಪ್ಲಗ್, ಒಳ್ಳೆಯ ಫಿಲ್ಟರ್, ಆಯಿಲ್, ಕೂಲಿ ಎಲ್ಲ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಮೊದಲ ಸ್ಟಾರ್ಟಿಗೆ ತೆಳ್ಳಗೆ ಒಂದಿಷ್ಟು ಹೊಗೆ ಈಗಲೂ ಬರುತ್ತದೆ. ಅಷ್ಟು ಓಡಿದ ಎಂಜಿನ್, ಅದು ಇರುವುದೇ ಎಂದು ಮಾಲೀಕರಿಗೆ ಮೊದಲೇ ಹೇಳಿದ್ದೇನೆ.